ಮೂರನೆಯ ಕಿಟಕಿಯ ಕುರ್ಚಿ

ನೆಗ್ಗಪ್ಪನವರು ಬದಲಾವಣೆಯ ವಿರೋಧಿ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ವಾಹನ ವಿಮೆಯ ಆ ಕಚೇರಿಗೆ ಬಂದ ಬದಲಾವಣೆಗಳನ್ನೆಲ್ಲ ಬಾಗಿಲಲ್ಲೇ ನಿಂತು ಬರಮಾಡಿಕೊಂಡವರು ಅವರು. ಕಂಪ್ಯೂಟರ್ ಬಂದ ಹೊಸದರಲ್ಲಿ ಉಳಿದವರು ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯಲೂ ಹೆದರಿ, ಹೊದಿಕೆಯ ಮೇಲೆಯೇ ಊಟದ ಡಬ್ಬಿ ಇಡುತ್ತಿದ್ದರು. ಆಗ ಇವರು ಎರಡು ಬೆರಳಲ್ಲಿ ಟೈಪು ಮಾಡಲು ಕಲಿತರು. ಇವತ್ತಿಗೂ ಅದೇ ಎರಡು ಬೆರಳು. ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದಾಗ ಮೊದಲು ಒತ್ತಿದ ಬೆರಳು ಅವರದು. ಬಿಸಿಲು ಪರದೆಗೆ ಹೊಡೆಯುತ್ತದೆ, ಕಣ್ಣು ಹಾಳಾಗುತ್ತದೆ ಎಂದು ಮೇಲಿನವರ ಹಿಂದೆ ಬಿದ್ದು ಕಿಟಕಿಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದವರೂ ಅವರೇ. ಕಂಪನಿಯ ಚಿಹ್ನೆ ಬದಲಾಗಿ, ಹೊಸದು ಒಡೆದ ಮೊಟ್ಟೆಯ ಹಾಗಿದೆ ಎಂದು ಎಲ್ಲರೂ ನಕ್ಕಾಗ, "ನೋಡ್ತಾ ನೋಡ್ತಾ ಚೆನ್ನಾಗಿ ಕಾಣುತ್ತೆ ಬಿಡಿ" ಎಂದು ಅದರ ಮಾನ ಉಳಿಸಿದ್ದರು. ಬದಲಾವಣೆ ತಮ್ಮ ಕುರ್ಚಿಯೊಂದನ್ನು ಬಿಟ್ಟು ಸುತ್ತಮುತ್ತ ಎಷ್ಟು ಬೇಕಾದರೂ ಓಡಾಡಿಕೊಂಡಿರಲಿ ಎಂಬುದಷ್ಟೇ ಅವರ ಷರತ್ತು. ಇಂಥ ವಿಶಾಲ ಹೃದಯದವರಿಂದಲೇ ಪ್ರಪಂಚ ಮುಂದಕ್ಕೆ ಹೋಗುತ್ತಿರುವುದು.

ನೆಗ್ಗಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಕೊಟ್ಟ ಹೆಸರು. ಗುದ್ದಿಸಿಕೊಂಡ ಕಾರು, ಸ್ಕೂಟರುಗಳ ಫೋಟೋ ನೋಡಿ ಯಾವ ನೆಗ್ಗು ಹೊಸದು, ಯಾವುದು ಹಳೆಯದು ಎಂದು ಹೇಳುವುದು ಅವರ ಕೆಲಸ. ಮನುಷ್ಯ ಸ್ವಭಾವ ಎಲ್ಲರಿಗೂ ಗೊತ್ತಿರುವಂಥದ್ದೇ. ಬಾಗಿಲಿಗೆ ಇವತ್ತು ಪೆಟ್ಟು ಬಿದ್ದರೆ ಹಿಂದಿನ ವರ್ಷ ಬಂಪರಿಗೆ ಬಿದ್ದದ್ದನ್ನೂ ಅದರ ಜೊತೆಗೆ ಸೇರಿಸಿ ಕಳಿಸುತ್ತಾರೆ. ನೆಗ್ಗಪ್ಪನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬಣ್ಣ ಎದ್ದ ಅಂಚಿನಲ್ಲಿ ತುಕ್ಕಿದೆಯೇ, ಗುಳಿಯಲ್ಲಿ ಧೂಳು ಕೂತಿದೆಯೇ ಎಂದು ನೋಡಿ, "ಇದು ಹೊಸದು. ಇದು ಹಳೇದು. ಇದು ಮಾಲೀಕ ಕೋಪಕ್ಕೆ ತಾನೇ ಒದ್ದಿದ್ದು" ಎಂದು ಬೇರ್ಪಡಿಸುತ್ತಿದ್ದರು. ಆಗಾಗ ತಪ್ಪುತ್ತಲೂ ಇದ್ದರು. ತಪ್ಪಿದಾಗ ಬೈಸಿಕೊಳ್ಳುತ್ತಿದ್ದದ್ದು ಪಕ್ಕದ ಮೇಜಿನ ಫೋನಕ್ಕ. ಗಿರಾಕಿಗಳ ಸಿಟ್ಟಿನ ಕರೆಗಳನ್ನು ಸ್ವೀಕರಿಸುವುದು ಆಕೆಯ ಕೆಲಸ. ಫೋನಿನಲ್ಲಿ ಜೇನು ಸುರಿಸಿ ಮಾತಾಡಿ, ರಿಸೀವರ್ ಇಟ್ಟ ಕೂಡಲೇ ಉಳಿದ ವಿಷವನ್ನೆಲ್ಲ ನೆಗ್ಗಪ್ಪನವರ ಕಡೆ ತಿರುಗಿಸುವುದು ಆಕೆ ತಾನಾಗಿ ವಹಿಸಿಕೊಂಡ ಹೆಚ್ಚುವರಿ ಕೆಲಸ.

ಈಗ ಕುರ್ಚಿಯ ವಿಷಯ. ಅದು ಮೊದಲ ಮಹಡಿಯ ಹಾಲಿನಲ್ಲಿ ಮೂರನೆಯ ಕಿಟಕಿಯ ಪಕ್ಕದಲ್ಲಿತ್ತು. ನೋಡಲು ಏನೂ ಚೆಂದವಿಲ್ಲ. ಒಂದು ಕೈ ಸಡಿಲ. ಕೂತರೆ ನಿಟ್ಟುಸಿರು ಬಿಡುತ್ತಿತ್ತು. ಅದರ ಮೇಲೊಂದು ದಿಂಬು, ಪ್ಯಾಂಟುಗಳಿಂದ ಕತ್ತರಿಸಿ ಉಳಿದ ಬೂದು, ಕಂದು, ಕಪ್ಪು ತುಂಡುಗಳನ್ನು ಜೋಡಿಸಿ ಹೊಲಿದದ್ದು. ಆ ಕಿಟಕಿಯಿಂದ ನೋಡಿದರೆ ರಸ್ತೆಯ ಆಚೆ, ಅದೇ ಎತ್ತರದಲ್ಲಿ, ಇನ್ನೊಂದು ಕಿಟಕಿ. ಅದರ ಹಿಂದೆ ಹೊಲಿಗೆ ಯಂತ್ರ. ಅದರ ಮುಂದೆ ಕೂತವರು ನೆಗ್ಗಪ್ಪನವರ ಹೆಂಡತಿ.

ಆಕೆ ಹೊಸ ಬಟ್ಟೆ ಹೊಲಿಯುವವರಲ್ಲ. ಇದ್ದ ಬಟ್ಟೆಯನ್ನು ಹೊಂದಿಸಿಕೊಡುವವರು. ದಪ್ಪಗಾದವರಿಗೆ ಸೊಂಟ ಬಿಚ್ಚಿ, ಸಣ್ಣಗಾದವರಿಗೆ ಹಿಡಿದು, ಅಣ್ಣನ ಪ್ಯಾಂಟು ತಮ್ಮನಿಗೆ, ಅಕ್ಕನ ಕೋಟು ತಂಗಿಗೆ ಆಗುವ ಹಾಗೆ ಮಾಡಿ ಕಳಿಸುವವರು. ಮನುಷ್ಯ ಬದಲಾಗುತ್ತಾನೆ ಎಂಬುದನ್ನು ಆಕೆ ಯಾವ ತರಬೇತಿಯೂ ಇಲ್ಲದೆ ಅಂಗಡಿ ತೆರೆದ ಮೊದಲ ವಾರವೇ ತಿಳಿದುಕೊಂಡಿದ್ದರು.

ಮದುವೆಯಾದ ಹೊಸದರಲ್ಲಿ ಒಮ್ಮೆ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡಿದ ವಿಷಯಕ್ಕೆ ಗಂಡ ಹೆಂಡತಿಗೆ ಜಗಳವಾಯಿತು. ಟವೆಲಿನಿಂದ ಶುರುವಾಗಿ ಎರಡೂ ಕಡೆಯ ಅತ್ತೆಯಂದಿರನ್ನು ಮುಟ್ಟಿ ವಾಪಸು ಬಂತು. ಇವರು ಮುಖ ಊದಿಸಿಕೊಂಡು ಕಚೇರಿಗೆ ಬಂದರು. ಬೆಳಗಿನ ಚಹಾದ ಹೊತ್ತಿಗೆ ತಲೆ ಎತ್ತಿದರೆ, ಎದುರಿನ ಕಿಟಕಿಯಲ್ಲಿ ಆಕೆ ಎದ್ದು ನಿಂತು, ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು, ಧೂಳು ಕೊಡವುವ ಹಾಗೆ ಎರಡು ಸಲ ಗಾಳಿಯಲ್ಲಿ ಬೀಸಿದರು. ಇವರು ಕೈಲಿದ್ದ ಫೈಲನ್ನು ಎತ್ತಿ ತೋರಿಸಿದರು. ಸಂಜೆ ಮನೆಗೆ ಹೋದಾಗ ಜಗಳ ಮುಗಿದಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಟೇಪಿನ ಮಾತಂತೂ ಮೊದಲೇ ಇಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ಟೇಪು ಬೀಸಿದರೆ ರಾಜಿ. ಜಗಳವಿಲ್ಲದ ದಿನ ಬೀಸಿದರೆ ಸುಮ್ಮನೆ ಒಂದು ನಮಸ್ಕಾರ. ಕ್ಷಮಿಸು ಎಂಬ ಪದ ಆ ಮನೆಯಲ್ಲಿ ಚಲಾವಣೆಯಲ್ಲೇ ಇರಲಿಲ್ಲ. ಅದರ ಕೆಲಸವನ್ನೆಲ್ಲ ಟೇಪು ನೋಡಿಕೊಳ್ಳುತ್ತಿತ್ತು. ಕಚೇರಿಯಲ್ಲಿ ಫೈಲುಗಳು ಹೋದ ಮೇಲೆ ನೆಗ್ಗಪ್ಪನವರು ಕನ್ನಡಕ ತೆಗೆದು ಎತ್ತತೊಡಗಿದರು. ಬದಲಾವಣೆಗೆ ಒಗ್ಗಿಕೊಳ್ಳುವುದು ಎಂದರೆ ಇದೇ. ಇಷ್ಟು ವರ್ಷಗಳಲ್ಲಿ ಅವರು ಒಂದು ದಿನವೂ ತಾವಾಗಿ ಮೊದಲು ಕನ್ನಡಕ ಎತ್ತಿದವರಲ್ಲ. ತಪ್ಪು ಯಾರದೇ ಇರಲಿ, ಬೀಸುವುದು ಆಕೆ, ಒಪ್ಪಿಕೊಳ್ಳುವುದು ಇವರು. ಗಂಡಸಿನ ಘನತೆಗೆ ಇದಕ್ಕಿಂತ ಅನುಕೂಲದ ಏರ್ಪಾಡು ಬೇರೆ ಎಲ್ಲಿಯೂ ಸಿಕ್ಕುತ್ತಿರಲಿಲ್ಲ.

ಹೀಗಿರುವಾಗ ಮುಖ್ಯ ಕಚೇರಿಯಿಂದ ಬದಲಾವಣೆ ಮೇಡಂ ಬಂದರು. ಆಕೆಯ ಹುದ್ದೆಯ ಹೆಸರು ಬಾಗಿಲ ಫಲಕದಲ್ಲಿ ಎರಡು ಸಾಲಾಗುವಷ್ಟು ಉದ್ದವಿತ್ತು, ಹಾಗಾಗಿ ಎಲ್ಲರೂ ಹೀಗೆ ಕರೆದರು. ಚಿಕ್ಕ ವಯಸ್ಸು, ಚುರುಕು ನಡಿಗೆ, ಯಾರು ಏನು ಹೇಳಿದರೂ "ತುಂಬಾ ಒಳ್ಳೇ ಪ್ರಶ್ನೆ" ಎನ್ನುವ ಅಭ್ಯಾಸ. ಶೌಚಾಲಯದಲ್ಲಿ ನೀರು ಬರುತ್ತಿಲ್ಲ ಎಂದು ಫೋನಕ್ಕ ಹೇಳಿದಾಗಲೂ ಅದೇ ಉತ್ತರ ಬಂದಿತ್ತು.

ಮೊದಲು ವ್ಯಕ್ತಿತ್ವ ಬೆಳವಣಿಗೆಯ ಶಿಬಿರ ನಡೆಯಿತು. ಮೇಜುಗಳನ್ನು ಗೋಡೆಗೆ ಸರಿಸಿ, ಸಂಸಾರ ನಡೆಸಿ ಮಕ್ಕಳ ಮದುವೆ ಮಾಡಿದವರನ್ನೆಲ್ಲ ವೃತ್ತಾಕಾರವಾಗಿ ನಿಲ್ಲಿಸಿ, ಕೈಗೊಂದು ಬಲೂನು ಕೊಟ್ಟರು. ಬಲೂನೇ ನಿಮ್ಮ ಭಯ, ಅದನ್ನು ಒಡೆಯಿರಿ ಎಂದರು. ಎಲ್ಲರೂ ಒಡೆದರು. ನೆಗ್ಗಪ್ಪನವರದು ಒಡೆಯಲಿಲ್ಲ, ಗಂಟು ಬಿಚ್ಚಿ ಸೊರ್ರೆಂದು ಹಾರಿ ಫ್ಯಾನಿಗೆ ಸಿಕ್ಕಿಕೊಂಡಿತು. ಆಮೇಲೆ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಸಹೋದ್ಯೋಗಿ ಹಿಡಿದುಕೊಳ್ಳುತ್ತಾರೆ, ಇದರಿಂದ ನಂಬಿಕೆ ಬೆಳೆಯುತ್ತದೆ ಎಂದರು. ನೆಗ್ಗಪ್ಪನವರ ಹಿಂದೆ ನಿಂತಿದ್ದವಳು ಫೋನಕ್ಕ.

"ಬೀಳಿ ಸಾರ್, ಹಿಡ್ಕೋತೀನಿ" ಎಂದಳು ಫೋನಕ್ಕ.

"ನಿನ್ನೆ ನಾನು ವಾಪಸ್ ಕಳ್ಸಿದ ಆ ಕೆಂಪು ಕಾರಿನವರು ಫೋನ್ ಮಾಡಿದ್ರಾ?"

"ಮಾಡಿದ್ರು. ನನ್ನ ವಂಶಾನೇ ಜಾಲಾಡಿದ್ರು."

"ಹಾಗಾದ್ರೆ ನಾನು ನಿಂತೇ ಇರ್ತೀನಿ."

ನಂಬಿಕೆ ಇಷ್ಟು ಬೆಳೆದ ಮೇಲೆ ಮೇಡಂ ನಿಜವಾದ ವಿಷಯ ತೆಗೆದರು. ಇನ್ನು ಮುಂದೆ ಈ ಕಚೇರಿಯಲ್ಲಿ ಯಾವ ಕುರ್ಚಿಯೂ ಯಾರದ್ದೂ ಅಲ್ಲ. ಬೆಳಿಗ್ಗೆ ಬಂದವರು ಖಾಲಿ ಇದ್ದ ಕಡೆ ಕೂರಬೇಕು. ಸಂಜೆ ಎಲ್ಲವನ್ನೂ ತೆಗೆದು ಕಪಾಟಿನಲ್ಲಿ ಇಡಬೇಕು. ದಿನಾ ಹೊಸ ಜಾಗ, ಹೊಸ ನೆರೆ, ಹೊಸ ಆಲೋಚನೆ. "ಕುರ್ಚಿಗೆ ಅಂಟಿಕೊಂಡವರು ಬೆಳೆಯೋದಿಲ್ಲ" ಎಂದರು ಮೇಡಂ. ಗಾಜಿನ ಗೋಡೆಯ ತಮ್ಮ ಸ್ವಂತ ಕೋಣೆಗೆ ಹೋಗಿ, ತಮ್ಮ ಸ್ವಂತ ಕುರ್ಚಿಯಲ್ಲಿ ಕೂತು, ಈ ಮಾತನ್ನು ಎಲ್ಲರಿಗೂ ಮಿಂಚಂಚೆಯಲ್ಲೂ ಕಳಿಸಿದರು.

ಹಾಲಿನಲ್ಲಿ ಗದ್ದಲವೆದ್ದಿತು. ಸೊಂಟ ನೋವಿನವರು, ಗಾಳಿ ಬೇಕಾದವರು, ಗಾಳಿ ಆಗದವರು, ಎಲ್ಲರೂ ಮಾತಾಡಿದರು. ನೆಗ್ಗಪ್ಪನವರು ಎದ್ದರು. ದಿಂಬನ್ನು ಎತ್ತಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಮೇಡಂ ಗಾಜಿನ ಆಚೆಯಿಂದ ಇದನ್ನು ನೋಡಿ ಮೆಚ್ಚಿಕೊಂಡರು.

ಮರುದಿನ ಅವರು ಬೀದಿ ಗುಡಿಸುವವರ ಜೊತೆಗೇ ಕಚೇರಿ ಮುಟ್ಟಿದರು. ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿದ್ದ.

"ಏನ್ ಸಾಹೇಬ್ರೇ, ಮನೇಲಿ ಕರೆಂಟ್ ಹೋಗಿದ್ಯಾ?"

"ಕೆಲಸ ಜಾಸ್ತಿ ಇದೆಯಪ್ಪ."

"ನಿನ್ನೆ ತನಕ ಇರ್ಲಿಲ್ಲ?"

"ಬಾಗಿಲು ತೆಗಿ, ಮಾತು ಆಮೇಲೆ."

ಕತ್ತಲೆ ಇನ್ನೂ ಮೂಲೆಗಳಲ್ಲಿ ಕೂತಿದ್ದ ಹಾಲಿನಲ್ಲಿ ಅವರು ಮೂರನೆಯ ಕಿಟಕಿಗೆ ಹೋಗಿ, ದಿಂಬು ಹಾಕಿ ಕೂತರು. ಕುರ್ಚಿ ನಿಟ್ಟುಸಿರು ಬಿಟ್ಟಿತು. ಎದುರಿನ ಅಂಗಡಿ ತೆರೆಯಲು ಇನ್ನೂ ಬಹಳ ಹೊತ್ತಿತ್ತು. ಮುಚ್ಚಿದ ಆ ಕಿಟಕಿಯ ಮೇಲೆ ಬೆಳಕು ನಿಧಾನವಾಗಿ ಇಳಿಯುವುದನ್ನು, ಮೊದಲು ಮೇಲಿನ ಗಾಜು, ಆಮೇಲೆ ಚಿಲಕ, ಆಮೇಲೆ ಫಲಕದ ಅಕ್ಷರಗಳು ಒಂದೊಂದಾಗಿ ಎಚ್ಚರವಾಗುವುದನ್ನು, ಅವರು ಜೀವನದಲ್ಲಿ ಮೊದಲ ಬಾರಿಗೆ ನೋಡಿದರು. ಚೆನ್ನಾಗಿತ್ತು. ಹಾಗೆಂದು ಯಾರಿಗೂ ಹೇಳುವ ಹಾಗಿರಲಿಲ್ಲ. ಅಲ್ಲೇ ನಿದ್ದೆ ಬಂತು.

ಫೋನಕ್ಕನೂ ಸುಮ್ಮನೆ ಕೂರುವವಳಲ್ಲ. ಆ ಕಿಟಕಿಯ ಹತ್ತಿರವಷ್ಟೇ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುತ್ತದೆ ಎಂಬುದು ಆಕೆಯ ಅನ್ವೇಷಣೆ. ಸಂಜೆ ಹೋಗುವಾಗ ಸ್ವೆಟರನ್ನು ಮರೆತವಳಂತೆ ಆ ಕುರ್ಚಿಯ ಬೆನ್ನಿಗೆ ಹಾಕಿ ಹೋದಳು. ಬೆಳಿಗ್ಗೆ ನೆಗ್ಗಪ್ಪನವರು ಅದನ್ನು ಮಡಚಿ, ಕಳೆದುಹೋದ ವಸ್ತುಗಳ ಡಬ್ಬಿಗೆ ಹಾಕಿದರು. ಆಕೆ ಬೇಗ ಬರತೊಡಗಿದಳು. ಇವರು ಇನ್ನೂ ಬೇಗ ಬಂದರು. ಕೊನೆಗೆ ಕಾವಲುಗಾರನೇ ಕೈಮುಗಿದ. "ಸಾಹೇಬ್ರೇ, ಇಲ್ಲೇ ಮಲಗಿಬಿಡಿ. ಚಾಪೆ ಕೊಡ್ತೀನಿ."

ಈ ನಡುವೆ ಮನೆಯಲ್ಲಿ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದರು. ಮೊದಲ ಕೆಲವು ದಿನ ಬುತ್ತಿ ಕಟ್ಟಲು ತಾವೂ ಬೇಗ ಎದ್ದರು. ಆಮೇಲೆ ಹಿಂದಿನ ರಾತ್ರಿಯದನ್ನೇ ಕಟ್ಟಿದರು. ಆಮೇಲೆ ಡಬ್ಬಿಯನ್ನು ಬಾಗಿಲ ಬಳಿ ಇಟ್ಟು ಹೊದ್ದು ಮಲಗಿದರು.

"ಆಫೀಸಿನ ಬೀಗ ನೀವೇ ತೆಗೀಬೇಕು ಅಂತ ಬರ್ಕೊಟ್ಟಿದೀರೇನ್ರೀ?"

"ಈಗೆಲ್ಲ ಬದಲಾಗಿದೆ. ನಿಂಗೆ ಅರ್ಥ ಆಗಲ್ಲ."

"ಅರ್ಥ ಆಗೋ ಹಾಗೆ ಹೇಳಿ."

ಹೇಳುವುದೇನನ್ನು? ನೀನು ಟೇಪು ಬೀಸುವುದನ್ನು ನೋಡಲು ಹೋಗುತ್ತಿದ್ದೇನೆ ಎಂದು ಈ ವಯಸ್ಸಿನಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ, ಕೈಯಲ್ಲಿ ಡಬ್ಬಿ ಹಿಡಿದು ಹೇಳುವುದೇ? ಅವರು ಕೆಮ್ಮಿ ಚಪ್ಪಲಿ ಹುಡುಕಿದರು.

ಹಾಜರಿ ಯಂತ್ರಕ್ಕೆ ಮಾತ್ರ ಇಂಥ ಸಂಕೋಚವಿರಲಿಲ್ಲ. ಯಾರು ಯಾವಾಗ ಬೆರಳೊತ್ತಿದರು ಎಂಬುದನ್ನು ಅದು ನಿಷ್ಠೆಯಿಂದ ಮೇಲಕ್ಕೆ ಕಳಿಸುತ್ತಿತ್ತು. ಒಂದು ದಿನ ಮೇಡಂ ಕರೆಸಿದರು. ಸಿಕ್ಕಿಬಿದ್ದೆ ಎಂದುಕೊಂಡು ನೆಗ್ಗಪ್ಪನವರು ಒಳಗೆ ಹೋದರು.

"ಸರ್, ನಾನು ನಿಮ್ಮಿಂದ ಒಂದು ವಿಷಯ ತಿಳ್ಕೋಬೇಕು" ಎಂದರು ಮೇಡಂ.

"ಮೇಡಂ, ಅದು... ಬೆಳಿಗ್ಗೆ ಬಸ್ಸು..."

"ಬದಲಾವಣೆ ಬಂದ ದಿನದಿಂದ ಇಡೀ ಕಂಪನೀಲೇ ಎಲ್ಲರಿಗಿಂತ ಮುಂಚೆ ಬರ್ತಿರೋದು ನೀವು. ಈ ಉತ್ಸಾಹ ಎಲ್ಲಿಂದ ಬರುತ್ತೆ ಸರ್?"

ನೆಗ್ಗಪ್ಪನವರು ಬಾಯಿ ತೆರೆದರು, ಮುಚ್ಚಿದರು. ಮೇಡಂ ಅದನ್ನು ವಿನಯ ಎಂದು ತಿಳಿದರು. ಹೀಗೆ ಅವರು ಬದಲಾವಣೆಯ ರಾಯಭಾರಿಯಾದರು. ಗೋಡೆಯ ಮೇಲೆ ಅವರ ಫೋಟೋ ಬಂತು. ಕೆಳಗೆ, "ಹೊಸತನಕ್ಕೆ ತೆರೆದ ಮನಸ್ಸು" ಎಂಬ ಬರಹ. ಫೋಟೋದಲ್ಲಿ ಅವರ ಬಾಯಿಯೂ ತುಸು ತೆರೆದೇ ಇತ್ತು. ಫೋನಕ್ಕ ಅದರ ಮುಂದೆ ಬಹಳ ಹೊತ್ತು ನಿಂತು ನೋಡಿ, "ಇದು ಹಳೇ ನೆಗ್ಗು" ಎಂದಳು.

ರಾಯಭಾರಿಯಾದವರು ಮಾದರಿಯಾಗಬೇಕು. ದಿನಾ ಬೇರೆ ಬೇರೆ ಜಾಗದಲ್ಲಿ ಕೂತು ತೋರಿಸಬೇಕು. ಎಲ್ಲಿ ಕೂರಬೇಕೆಂಬುದನ್ನು ಮೇಡಂ ಸ್ವತಃ ಹೇಳುತ್ತಾರೆ. ಸೋಮವಾರ ಪ್ರಿಂಟರಿನ ಪಕ್ಕ. ಅಂದೇ ಚಹಾ ಮುಗಿದ ಮೇಲೆ ಎಲ್ಲರ ಮುಂದೆ ಐದು ನಿಮಿಷದ ಭಾಷಣ. ವಿಷಯ, 'ನನ್ನ ಕುರ್ಚಿಯನ್ನು ನಾನು ಹೇಗೆ ಬಿಟ್ಟೆ'.

ಪ್ರಿಂಟರಿನ ಪಕ್ಕದ ಜಾಗದಿಂದ ಕಾಣುವುದು ಗೋಡೆ. ಗೋಡೆಯ ಮೇಲೆ ಅವರದೇ ಫೋಟೋ.

ಆ ಸೋಮವಾರ ಬೆಳಿಗ್ಗೆ ಅವರಿಗೆ ಬೇಗ ಹೋಗುವ ಅಗತ್ಯವಿರಲಿಲ್ಲ. ಹಾಗಾಗಿ ಜಗಳಕ್ಕೆ ಸಾಕಷ್ಟು ಸಮಯ ಸಿಕ್ಕಿತು. ಭಾಷಣದ ಚೀಟಿ ಹಿಡಿದು ಕನ್ನಡಿಯ ಮುಂದೆ ಬಾಯಿಪಾಠ ಮಾಡುತ್ತಿದ್ದರು. ಹೆಂಡತಿ ಹಿಂದಿನಿಂದ, "ಇವತ್ತೇನು, ಸೂರ್ಯನಿಗೆ ಮುಂದೆ ಹೋಗೋಕೆ ಬಿಟ್ಟಿದೀರಾ?" ಎಂದರು.

"ಸ್ವಲ್ಪ ಸುಮ್ನಿರ್ತೀಯಾ?"

"ಸುಮ್ನೇ ಇದೀನಲ್ಲ. ನಾನು ಎದ್ದಾಗ ನೀವಿರಲ್ಲ, ಸಂಜೆ ಬಸ್ಸಲ್ಲೇ ನಿದ್ದೆ ಮಾಡ್ತೀರ. ಯಾರ ಹತ್ರ ಮಾತಾಡ್ಲಿ, ಗಿರಾಕಿ ಪ್ಯಾಂಟಿನ ಹತ್ರ? ಮನೆಗಿಂತ ಕುರ್ಚಿನೇ ಹೆಚ್ಚಾಯ್ತು ನಿಮ್ಗೆ."

ಆಗ ನೆಗ್ಗಪ್ಪನವರು ಆ ಮಾತು ಆಡಿದರು. ಕನ್ನಡಿಯಲ್ಲೇ ನೋಡುತ್ತ, ತಿರುಗದೆ. "ಕುರ್ಚಿ ಬೆಲೆ ನಿಂಗೇನು ಗೊತ್ತು? ಹರಿದ ಪ್ಯಾಂಟು ಹೊಲಿಯೋಳಿಗೆ ಸ್ಟೂಲೇ ಸಾಕು."

ಕನ್ನಡಿಯಲ್ಲಿ ಆಕೆಯ ಮುಖ ಕಂಡಿತು. ಆಮೇಲೆ ಕಾಣಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದೂ ಆಗಲಿಲ್ಲ. ಬಾಗಿಲ ಬಳಿ ಡಬ್ಬಿ ಇತ್ತು, ಮುಚ್ಚಳ ಬಿಗಿಯಾಗಿ ಹಾಕಿತ್ತು, ಬಿಸಿಯಾಗಿತ್ತು. ಅದೇ ಅವರಿಗೆ ಹೆಚ್ಚು ಚುಚ್ಚಿತು. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ತಮಗೆ ತಾವೇ ಹೇಳಿಕೊಂಡರು: ಚಹಾದ ಹೊತ್ತಿಗೆ ನೋಡೋಣ. ಟೇಪು ಬೀಸಿಯೇ ಬೀಸುತ್ತಾಳೆ. ಇಷ್ಟು ವರ್ಷ ಬೀಸಿಲ್ಲವೇ?

ತಾವು ಪ್ರಿಂಟರಿನ ಪಕ್ಕದ ಮನುಷ್ಯ ಎಂಬುದು ನೆನಪಾದದ್ದು ಹಾಲಿಗೆ ಕಾಲಿಟ್ಟ ಮೇಲೆ. ಮೂರನೆಯ ಕಿಟಕಿಯ ಕುರ್ಚಿಯಲ್ಲಿ ಫೋನಕ್ಕ ಕೂತಿದ್ದಳು. ಕಳೆದುಹೋದ ವಸ್ತುಗಳ ಡಬ್ಬಿಯಿಂದ ಬಿಡಿಸಿ ತಂದ ಸ್ವೆಟರು ಬೆನ್ನಿಗಿತ್ತು.

ಬೆಳಗಿನ ಕೆಲಸ ಸಾಗಲಿಲ್ಲ. ಒಂದು ಬಿಳಿ ಕಾರಿನ ಫೋಟೋ ಪರದೆಯ ಮೇಲಿತ್ತು. ಅದರ ಬಾಗಿಲಿನ ಗುಳಿಯನ್ನು ಎಷ್ಟು ನೋಡಿದರೂ ಹೊಸದೋ ಹಳೆಯದೋ ತಿಳಿಯಲಿಲ್ಲ. ಪಕ್ಕದಲ್ಲಿ ಪ್ರಿಂಟರು ಬೆಚ್ಚಗಿನ ಹಾಳೆಗಳನ್ನು ಉಗುಳುತ್ತಲೇ ಇತ್ತು. ಚಹಾದ ಗಾಡಿಯ ಚಕ್ರದ ಸದ್ದು ಕೇಳಿದ ಕೂಡಲೇ ಅವರು ಲೋಟ ಹಿಡಿದು ಎದ್ದು, ಸೊಂಟ ಸಡಿಲಿಸುವವರಂತೆ ಮೂರನೆಯ ಕಿಟಕಿಯ ಕಡೆ ನಡೆದರು. ಆದರೆ ಫೋನಕ್ಕ ಕಿಟಕಿಯ ಪರದೆಯನ್ನು ಒಂದು ಅಂಗೈ ಅಗಲ ಬಿಟ್ಟು ಉಳಿದದ್ದನ್ನು ಎಳೆದಿದ್ದಳು. ಆ ಅಂಗೈ ಅಗಲದ ಜಾಗ ಆಕೆಯ ತಲೆಗೆ ಸರಿಯಾಗಿತ್ತು.

"ಏನ್ ಸಾರ್, ರಾಯಭಾರಿಗಳು ಈ ಕಡೆ?"

"ಸುಮ್ನೆ. ಎದುರಿಗೆ ಒಂದು ಹೊಲಿಗೆ ಅಂಗಡಿ ಇದೆಯಲ್ಲ."

"ಇದೆ."

"ಅಲ್ಲಿ ಏನ್ ಮಾಡ್ತಿದಾರೆ?"

"ಯಾಕೆ, ಪ್ಯಾಂಟು ಕೊಟ್ಟಿದೀರಾ?"

"ಹೂಂ. ಪ್ಯಾಂಟು."

ಫೋನಕ್ಕ ಕತ್ತು ತಿರುಗಿಸಿ ನೋಡಿದಳು. "ಯಾರದೋ ಕಾಲಿಗೆ ಪಿನ್ ಚುಚ್ತಿದಾರೆ."

"ಟೇಪು?"

"ಕೊರಳಲ್ಲಿದೆ."

"ನೋಡ್ತಿರು ಸ್ವಲ್ಪ ಹೊತ್ತು."

ಫೋನಕ್ಕ ನೋಡಿದಳು. ಲೋಟದ ಚಹಾ ಕೆನೆಗಟ್ಟಿತು. ಆಕೆ ತಿರುಗಿದಾಗ ಮುಖದಲ್ಲಿ ಎಂದಿನ ಕುಚೋದ್ಯವಿರಲಿಲ್ಲ.

"ಇಲ್ಲ ಸಾರ್. ಇವತ್ತು ಬೀಸ್ಲಿಲ್ಲ."

ನೆಗ್ಗಪ್ಪನವರು ಅತ್ತಿತ್ತ ನೋಡಿದರು. "ಬೀಸ್ತಾರೆ ಅಂತ ನಿಂಗೆ..."

"ನಿಮ್ಮ ಪಕ್ಕದಲ್ಲಿ ಇಷ್ಟು ವರ್ಷ ಕೂತು, ನೀವು ಚಹಾದ ಹೊತ್ತಿಗೆ ಕನ್ನಡಕ ಹಾರಿಸೋದು ನಂಗೆ ಕಾಣಲ್ವಾ? ಇಡೀ ಹಾಲಿಗೆ ಗೊತ್ತು, ಮೇಡಂಗೆ ಒಬ್ರಿಗೆ ಬಿಟ್ಟು. ಪ್ಯಾಂಟಂತೆ, ಪ್ಯಾಂಟು." ಆಕೆ ಕುರ್ಚಿಯಿಂದ ಅರ್ಧ ಎದ್ದಳು. "ಕೂತ್ಕೋತೀರಾ?"

"ಗೊತ್ತಿದ್ದೂ ಈ ಕುರ್ಚಿಗೆ ಪೈಪೋಟಿ ಮಾಡ್ತಿದ್ಯಲ್ಲ."

"ಸಿಗ್ನಲ್ ಬೇಕಲ್ಲ ಸಾರ್, ನಂಗೂ."

ಗಾಜಿನ ಕೋಣೆಯಿಂದ ಮೇಡಂ ಹೊರಬಂದು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆಯುತ್ತಿದ್ದರು. ಭಾಷಣದ ಹೊತ್ತು. ನೆಗ್ಗಪ್ಪನವರು ಆ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಲೋಟವನ್ನು ಫೋನಕ್ಕನ ಕೈಗೆ ಕೊಟ್ಟು ಮೆಟ್ಟಿಲ ಕಡೆ ನಡೆದರು. ಹಾಜರಿ ಯಂತ್ರದ ಮೇಲೆ ಬೆರಳೊತ್ತುವುದನ್ನು ಮಾತ್ರ ಮರೆಯಲಿಲ್ಲ. ಶಿಸ್ತು ಎಂದರೆ ಶಿಸ್ತು.

ರಸ್ತೆ ದಾಟಿ ಆ ಅಂಗಡಿಗೆ ಅವರು ಹಗಲು ಹೊತ್ತಿನಲ್ಲಿ ಹೋದದ್ದೇ ಇಲ್ಲ. ಸಂಜೆ ದೀಪ ಹತ್ತಿದ ಮೇಲೆ ಕೆಲಸ ಮುಗಿಸಿ ಹೋಗಿ, ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತುವುದಷ್ಟೇ. ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಬಂದರೆ, ಸ್ಟೂಲಿನ ಮೇಲೊಬ್ಬ ದಪ್ಪನೆಯ ಗಿರಾಕಿ ಹೊಸ ಪ್ಯಾಂಟು ಹಾಕಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ. ಹೆಂಡತಿ ಕೆಳಗೆ ಮೊಣಕಾಲೂರಿ ಅವನ ಪ್ಯಾಂಟಿನ ಅಂಚು ಮಡಚುತ್ತಿದ್ದರು. ಬಾಯಿಯ ತುಂಬ ಗುಂಡುಪಿನ್ನು. ತಲೆ ಎತ್ತಿ ಗಂಡನನ್ನು ನೋಡಿದರು. ಹುಬ್ಬು ಮೇಲೇರಿತು. ಬಾಯಿ ತೆರೆಯುವ ಹಾಗಿರಲಿಲ್ಲ.

ಏನು ಮಾಡುವುದೆಂದು ತೋಚದೆ ನೆಗ್ಗಪ್ಪನವರು ಕಿಟಕಿಯ ಕಡೆ ತಿರುಗಿದರು. ಎದುರಿಗೆ ತಮ್ಮ ಕಚೇರಿ. ಮೂರನೆಯ ಕಿಟಕಿಯನ್ನು ಹುಡುಕಿದರು. ಕಂಡಿತು. ಅದರಲ್ಲಿ ಆಕಾಶವಿತ್ತು. ಒಂದು ಮೋಡವಿತ್ತು. ಮೋಡದ ಕೆಳಗೆ ಇದೇ ಅಂಗಡಿಯ ಫಲಕ ತಿರುಗುಮುರುಗಾಗಿ ಹೊಳೆಯುತ್ತಿತ್ತು, ಫಲಕದ ಕೆಳಗೆ ಬೋಳುತಲೆಯ ಒಬ್ಬ ಮನುಷ್ಯ ಬಾಯಿ ತುಸು ತೆರೆದು ನಿಂತಿದ್ದ. ಫೋನಕ್ಕನಾಗಲಿ, ಸ್ವೆಟರಾಗಲಿ, ಕುರ್ಚಿಯಾಗಲಿ ಏನೂ ಇಲ್ಲ. ಪಕ್ಕದ ಕಿಟಕಿಗಳಲ್ಲೂ ಹಾಗೆಯೇ. ಇಡೀ ಕಚೇರಿ ಈ ಕಡೆಗೆ ಒಂದು ಕನ್ನಡಿ ಹಿಡಿದು ನಿಂತಿತ್ತು.

"ಇಲ್ಲಿಂದ ಒಳಗಿಂದೇನೂ ಕಾಣ್ಸಲ್ವಲ್ಲ" ಎಂದರು.

ಹೆಂಡತಿ ಇಲ್ಲವೆಂದು ತಲೆಯಾಡಿಸಿದರು.

"ಯಾವಾಗಿಂದ?"

ಆಕೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಅವಸರವಿರಲಿಲ್ಲ. "ನೀವು ಅದೇನೋ ಕಪ್ಪು ಹಾಳೆ ಅಂಟ್ಸಿದ್ರಲ್ಲ. ಆವತ್ತಿಂದ. ಸಂಜೆ ಒಳಗೆ ದೀಪ ಹಾಕಿದ್ರೆ ಕಾಣುತ್ತೆ. ಹಗಲು ಕಾಣಲ್ಲ."

ಹಳೆಯ ಗುಳಿಯಲ್ಲಿ ಕೂತ ಧೂಳನ್ನು ಫೋಟೋದಲ್ಲೇ ಪತ್ತೆ ಹಚ್ಚುವ ಮನುಷ್ಯ, ತಾವೇ ಹಟ ಹಿಡಿದು ಹಾಕಿಸಿದ ಹಾಳೆಗೆ ಇನ್ನೊಂದು ಮಗ್ಗುಲೂ ಇರುತ್ತದೆ ಎಂದು ಇಷ್ಟು ವರ್ಷ ಯೋಚಿಸಿರಲಿಲ್ಲ.

"ಮತ್ತೆ ನಾನು ಕನ್ನಡಕ ಎತ್ತಿದ್ದು?"

"ಕನ್ನಡಕ ಎತ್ತುತ್ತೀರಾ?" ಆಕೆ ನಿಜವಾಗಿ ಕೇಳಿದರು. "ಯಾಕೆ?"

ಗಿರಾಕಿ ಸ್ಟೂಲಿನ ಮೇಲೆ ಭಾರ ಬದಲಿಸಿದ. "ಅಲ್ಲಾಡ್ಬೇಡಿ ಅಣ್ಣ" ಎಂದರು ಆಕೆ. ಅವನು ಮತ್ತೆ ಉಸಿರು ಹಿಡಿದ.

"ಹಾಗಾದ್ರೆ ನೀನು ದಿನಾ ಟೇಪು ಬೀಸ್ತಿದ್ದಿದ್ದು ಯಾರಿಗೆ?"

"ಒಳಗಿರ್ತೀರಲ್ಲ" ಎಂದರು ಆಕೆ. ಇದರಲ್ಲಿ ವಿವರಿಸುವಂಥದ್ದು ಏನಿದೆ ಎಂಬಂತೆ.

ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಕಿಟಕಿಯ ಗಾಜು ಅದುರಿತು. ಆಮೇಲೆ ಆಕೆ ಪ್ಯಾಂಟಿನ ಅಂಚಿಗೆ ಕಣ್ಣು ಇಳಿಸಿ, "ಇವತ್ತು ಬೀಸ್ಲಿಲ್ಲ" ಎಂದರು. ಪಿನ್ನುಗಳನ್ನು ಮತ್ತೆ ಒಂದೊಂದಾಗಿ ತುಟಿಗಳ ನಡುವೆ ಇಟ್ಟುಕೊಂಡರು. ಕೊನೆಯ ಪಿನ್ನಿಗೆ ಬಾಗಿಲು ಮುಚ್ಚಿದಂತಾಯಿತು. ಇನ್ನು ಆ ಕೋಣೆಯಲ್ಲಿ ಮಾತಾಡಬಲ್ಲವರು ಇಬ್ಬರೇ. ಅವರಲ್ಲೊಬ್ಬ ಉಸಿರನ್ನೂ ಬಿಡುವ ಸ್ಥಿತಿಯಲ್ಲಿರಲಿಲ್ಲ.

ನೆಗ್ಗಪ್ಪನವರು ಕನ್ನಡಕ ತೆಗೆದರು. ಎತ್ತಲು ಹೋದರು. ಇಷ್ಟು ಹತ್ತಿರದಿಂದ ಎತ್ತುವುದು ಹುಚ್ಚುತನ ಎನ್ನಿಸಿ, ಅಂಗಿಯ ತುದಿಯಿಂದ ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು. ಮತ್ತೂ ಒರೆಸಿದರು. ಬಲೂನು ಒಡೆಯದೆ, ಹಿಂದಕ್ಕೆ ಬೀಳದೆ, ಶಿಬಿರದಲ್ಲಿ ಎಲ್ಲರ ಜೊತೆ ಭಯ ಗೆದ್ದ ಸರ್ಟಿಫಿಕೇಟು ಪಡೆದ ಮನುಷ್ಯ ಒಂದು ವಾಕ್ಯಕ್ಕಾಗಿ ಇಡೀ ಕೋಣೆ ಹುಡುಕಿದರು: ನೂಲಿನ ಉಂಡೆಗಳು, ನೇತುಹಾಕಿದ ಕೋಟುಗಳು, ಯಂತ್ರದ ಮುಂದೆ ಆಕೆ ದಿನವೆಲ್ಲ ಕೂರುವ ಬೆನ್ನಿಲ್ಲದ ಇನ್ನೊಂದು ಸ್ಟೂಲು. ಆ ಸ್ಟೂಲಿನ ಮೇಲೆ ದಿಂಬಿರಲಿಲ್ಲ. ಇದ್ದ ತುಂಡುಗಳನ್ನೆಲ್ಲ ಆಕೆ ಅವರ ಕುರ್ಚಿಗೆ ಹೊಲಿದಿದ್ದರು.

"ಬೆಳಿಗ್ಗೆ ನಾನು ಆಡಿದ ಮಾತು ಸರಿ ಇರ್ಲಿಲ್ಲ" ಎಂದರು ಕೊನೆಗೆ. ಧ್ವನಿ ಅವರಿಗೇ ಪರಿಚಯವಿಲ್ಲದ ಹಾಗೆ ಬಂತು. "ಸ್ಟೂಲು ಅಂದಿದ್ದು. ತಪ್ಪಾಯ್ತು."

"ಪರವಾಗಿಲ್ಲ ಬಿಡಿ ಸಾರ್" ಎಂದ ಗಿರಾಕಿ ಮೇಲಿನಿಂದ, ಹಿಡಿದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟು. ಪ್ಯಾಂಟಿನ ಗುಂಡಿ ಕಿತ್ತು ಕಿಟಕಿಗೆ ಬಡಿಯಿತು.

ಹೆಂಡತಿಗೆ ನಗು ಬಂತು. ಪಿನ್ನುಗಳಿದ್ದದ್ದರಿಂದ ನಗುವ ಹಾಗಿರಲಿಲ್ಲ. ಭುಜ ಅಲುಗಿತು, ಕಣ್ಣಲ್ಲಿ ನೀರು ಬಂತು, ಅದು ಯಾವುದರ ನೀರು ಎಂದು ನೆಗ್ಗಪ್ಪನವರಿಗೆ ಓದಲು ಬರಲಿಲ್ಲ. ಆಕೆ ಕೊರಳಿಂದ ಟೇಪು ತೆಗೆದು ಬೀಸಿದರು. ಮೊದಲ ಸಲದ್ದು ಅವರ ಮೊಣಕೈಗೆ ಚಟೀರೆಂದು ಬಿತ್ತು. ಎರಡನೆಯದು ಮೆತ್ತಗೆ.

ಅವರು ವಾಪಸು ಹೋದಾಗ ಹಾಲಿನಲ್ಲಿ ಎಲ್ಲರೂ ವೃತ್ತಾಕಾರವಾಗಿ ನಿಂತೇ ಇದ್ದರು.

"ಎಲ್ಲಿಗೆ ಹೋಗಿದ್ರಿ ಸರ್?" ಎಂದರು ಮೇಡಂ, ನಗುವನ್ನು ಹಾಗೆಯೇ ಇಟ್ಟುಕೊಂಡು.

"ಪ್ಯಾಂಟು ಕೊಡೋದಿತ್ತು ಮೇಡಂ."

ಇಡೀ ಹಾಲು ಕೆಮ್ಮಿತು. ಆಮೇಲೆ ಅವರು ಭಾಷಣ ಮಾಡಿದರು. ಚೀಟಿಯಲ್ಲಿದ್ದದ್ದನ್ನೇ ಓದಿದರು: ಕುರ್ಚಿ ಎಂಬುದು ಒಂದು ಅಭ್ಯಾಸ, ಅಭ್ಯಾಸ ಬಿಟ್ಟವನು ಬೆಳೆಯುತ್ತಾನೆ, ಇತ್ಯಾದಿ. ಮೇಡಂಗೆ ಕಣ್ಣು ತುಂಬಿ ಬಂತು. ಅದನ್ನು ಮುಖ್ಯ ಕಚೇರಿಗೂ ಕಳಿಸಿದರು.

ಮರುದಿನದಿಂದ ನೆಗ್ಗಪ್ಪನವರು ಹಾಲಿಗೆ ಎಲ್ಲರಿಗಿಂತ ತಡವಾಗಿ ಬರತೊಡಗಿದರು. ಖಾಲಿ ಉಳಿದದ್ದು ಯಾವುದಿದ್ದರೂ ಅದರಲ್ಲಿ ಕೂತರು. ಚಹಾದ ಗಾಡಿ ಬಂದ ಕೂಡಲೇ ಬೆರಳೊತ್ತಿ ಹೊರಗೆ ಹೋಗುತ್ತಿದ್ದರು. ಪ್ಯಾಂಟು ಕೊಡುವುದಂತೂ ಮುಗಿಯುವಂಥದ್ದಲ್ಲ. ಯಂತ್ರ ಇದನ್ನೂ ನಿಷ್ಠೆಯಿಂದ ಮೇಲಕ್ಕೆ ಕಳಿಸಿತು. ಉತ್ಸಾಹ ಕುಗ್ಗಿದೆ ಎಂದು ಮೇಡಂ ಬೇಸರಪಟ್ಟು, ಗೋಡೆಯಿಂದ ಅವರ ಫೋಟೋ ಇಳಿಸಿದರು. ಈಗ ಎಲ್ಲರಿಗಿಂತ ಮುಂಚೆ ಬರುತ್ತಿದ್ದವಳು ಫೋನಕ್ಕ. ಆಕೆಯ ಫೋಟೋ ಏರಿತು. ಪ್ರಿಂಟರಿನ ಪಕ್ಕದ ಜಾಗವೂ ಜೊತೆಗೇ ಬಂತು. "ನಿಮ್ಮ ದೃಷ್ಟಿನೇ ತಾಗಿದ್ದು" ಎಂದು ಆಕೆ ಗೊಣಗಿದಳು.

ದಿಂಬು ಈಗ ಕಪಾಟಿನಲ್ಲಿಲ್ಲ. ರಸ್ತೆಯ ಆಚೆಗಿನ ಸ್ಟೂಲಿನ ಮೇಲಿದೆ. ಅವರು ಹೋದರೆ ಹೆಂಡತಿ ಅದನ್ನು ಬಿಟ್ಟುಕೊಡುವುದಿಲ್ಲ. ಇವರು ಮೆಟ್ಟಿಲ ಮೇಲೆ ಕೂತು, ಬೆಳಿಗ್ಗೆ ಏನು ತಪ್ಪು ಮಾತಾಡಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಾರೆ. ಕೆಲವು ದಿನ ಆಕೆಯೇ ನೆನಪು ಮಾಡಿಕೊಡುತ್ತಾರೆ. ಜಗಳವಿಲ್ಲದ ದಿನಗಳಲ್ಲಿ, ಅವರು ರಸ್ತೆ ದಾಟುವುದನ್ನು ನೋಡಿ ಆಕೆ ಮೇಲಿನಿಂದ ಟೇಪು ಬೀಸುವುದುಂಟು. ಆಗ ಅವರು ರಸ್ತೆಯ ನಡುವೆ ನಿಂತು ಕನ್ನಡಕ ಎತ್ತುತ್ತಾರೆ. ಸ್ಕೂಟರಿನವರು ಬ್ರೇಕು ಹಾಕಿ, "ಏನ್ರೀ, ಕಣ್ಣು ಕಾಣಲ್ವಾ?" ಎನ್ನುತ್ತಾರೆ. 

"ಇಲ್ಲಪ್ಪ, ಕನ್ನಡಕ ಕೈಯಲ್ಲಿದೆ" ಎಂದು ನಿಜವನ್ನೇ ಹೇಳಿ, ಅವರು ಮೇಲೆ ಹತ್ತುತ್ತಾರೆ.